ಜೇಬಿನಲ್ಲೊಂದು ಮ್ಯಾಗ್ನೆಟ್

ನಿನ್ನೆ ಗೆಳೆಯನೊಬ್ಬ ತನ್ನ ಹಳೇ ಮಾರಿಸ್ ಮೈನರ್ ಕಾರು ನೋಡಲು ಕರೆದಿದ್ದ. "ಮನೆಯಲ್ಲೇ ರೆಡಿ ಮಾಡಿದೆ ಕಣೋ, ಬರೀ ಆರು ವಾರ!"

ಕಾರು ಹೊಳೆಯುತ್ತಿತ್ತು, ಸುಳ್ಳು ಹೇಳಬಾರದು. 1960ರ ಗಾಡಿ, 948 ಸಿಸಿ ಇಂಜಿನ್. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯಂತೆ ಹೊರಬರುವ ಹಳೇ ಇಂಡಿಕೇಟರ್ ಕೂಡ ಕೆಲಸ ಮಾಡುತ್ತಿತ್ತು. ಅದನ್ನು ನೋಡಿ ಮಗುವಿನ ಹಾಗೆ ನಾಲ್ಕು ಸಲ ಹಾಕಿಸಿದೆ.

ಆಮೇಲೆ ಜೇಬಿಗೆ ಕೈ ಹಾಕಿದೆ. ಹಳೇ ಕಾರು ನೋಡಲು ಹೋಗುವಾಗ ನನ್ನ ಹತ್ತಿರ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಒಂದು ಇರುತ್ತದೆ, ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಯಾರೂ ನನ್ನನ್ನು ಎರಡನೇ ಸಲ ಕರೆಯುವುದಿಲ್ಲ.

ಬಾನೆಟ್ ಮೇಲೆ ಇಟ್ಟೆ, ಅಂಟಿತು. ಬಾಗಿಲಿಗೆ ಇಟ್ಟೆ, ಅಂಟಿತು. ಬಾಗಿಲ ಕೆಳಗಿನ ಸಿಲ್‌ಗೆ ಇಟ್ಟೆ. ಟಪ್ ಅಂತ ನೆಲಕ್ಕೆ ಬಿತ್ತು. ಆ ಕಡೆಯ ಸಿಲ್‌ನಲ್ಲೂ ಅದೇ ಕಥೆ. ಅಲ್ಲಿ ತಗಡೇ ಇಲ್ಲ ಸ್ವಾಮಿ, ಬರೀ ಪುಟ್ಟಿ!

ಈ ಕಾರಿಗೆ ಲಾರಿಯ ಹಾಗೆ ಕೆಳಗೆ ಬೇರೆ ಚೌಕಟ್ಟು (ಚಾಸಿ) ಇಲ್ಲ. ಬಾಡಿಯೇ ಭಾರ ಹೊರಬೇಕು. ಸಿಲ್ ಒಳಗೊಳಗೇ ಕೊಳೆತರೆ ಕಾರಿನ ನಡು ಜಗ್ಗುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಪುಟ್ಟಿ ಇರುವುದು ಸಣ್ಣ ತಗ್ಗು ತುಂಬಿ ನಯ ಮಾಡಲು. ತೂತಿಗೆ ಮೆತ್ತಿದರೆ ಅದು ತೇವ ಹೀರುತ್ತದೆ. ಹೊಸ ಬಣ್ಣದ ಕೆಳಗೆ ತುಕ್ಕು ಆರಾಮಾಗಿ ಮೇಯುತ್ತಿರುತ್ತದೆ. ಒಂದು ದಿನ ಬಣ್ಣದಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಅಷ್ಟು ಹೊತ್ತಿಗೆ ಒಳಗೆ ತಿನ್ನಲು ಏನೂ ಉಳಿದಿರುವುದಿಲ್ಲ.

"ಮುಂದಿನ ಚಕ್ರದ ಟ್ರನಿಯನ್‌ಗೆ ಗ್ರೀಸ್ ಹೊಡೆದಿದ್ದೀಯಾ?" ಎಂದು ಕೇಳಿದೆ. ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಕೀಲು ಅದು. "ಅದೆಲ್ಲಿರುತ್ತೆ?" ಎಂದ. ಬಗ್ಗಿ ನೋಡಿದರೆ ಗ್ರೀಸ್ ತುಂಬುವ ಪುಟ್ಟ ಮೂತಿಯ (ನಿಪ್ಪಲ್) ಮೇಲೂ ನೀಟಾಗಿ ಬಣ್ಣ ಹೊಡೆದಿದ್ದಾನೆ ಮಹಾನುಭಾವ! ಮೈನರ್‌ನಲ್ಲಿ ಅಲ್ಲಿನ ತಿರುಪಿನ ಮರೆ ಗ್ರೀಸ್ ಇಲ್ಲದೆ ಸವೆದರೆ, ಓಡುವಾಗಲೇ ಚಕ್ರ ಮಡಚಿಕೊಂಡು ಕಾರು ಮಂಡಿಯೂರುತ್ತದೆ. ಹೊಳಪು ಆಗ ಬಂದು ಹಿಡಿಯುತ್ತಾ?

"ಎಲ್ಲರಿಗೂ ವೆಲ್ಡಿಂಗ್ ಬರಲ್ಲ, ಮೂಲೆಯಲ್ಲಿ ಬಿದ್ದಿದ್ದ ಗಾಡಿ ರಸ್ತೆಗಾದರೂ ಬಂತಲ್ಲ" ಎಂದು ಕಾಮೆಂಟ್ ಹಾಕಲು ನೀವು ರೆಡಿಯಾಗಿರುತ್ತೀರಿ. ಬರದಿದ್ದರೆ ಬರುವವರಿಂದ ಸಿಲ್ ಹಾಕಿಸಿ. ಸೀಟು, ವೈರಿಂಗ್, ಕಾರ್ಬುರೇಟರ್ ನೀವು ಮಾಡಿ, ಯಾರು ಬೇಡ ಅಂದರು?

ಒಂದು ತಪ್ಪೊಪ್ಪಿಗೆ. ನನ್ನ ಮೊದಲ ಕಾರಿನ ಸಿಲ್‌ಗೆ ನಾನು ನ್ಯೂಸ್‌ಪೇಪರ್ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದೆ. ಬಂದವರೆಲ್ಲ ಭೇಷ್ ಅಂದಿದ್ದರು. ಮುಂದೊಂದು ದಿನ ಪಂಕ್ಚರ್ ಆಯಿತು. ಜಾಕ್ ಇಟ್ಟು ತಿರುಗಿಸಿದೆ. ಕಾರು ಮೇಲೇಳಲಿಲ್ಲ, ಜಾಕ್ ಮಾತ್ರ ಒಳಗೆ ಹೋಯಿತು. ತೂತಿನಿಂದ ಕ್ರೀಡಾಪುಟ ಇಣುಕುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಟ್ಟೆಕಿಚ್ಚೂ ಇದೆ ಅನ್ನಿ. ಅವನದು ಆರು ವಾರಕ್ಕೆ ಓಡುತ್ತಿದೆ. ನನ್ನದು ಮೂರು ವರ್ಷದಿಂದ ಪ್ರೈಮರ್ ಬಳಿದುಕೊಂಡು ಸ್ಟ್ಯಾಂಡ್ ಮೇಲೆ ನಿಂತಿದೆ. ಆದರೆ ಎಲ್ಲಿ ಇಟ್ಟರೂ ಮ್ಯಾಗ್ನೆಟ್ ಅಂಟುತ್ತದೆ!

ಇವತ್ತು ಬೆಳಿಗ್ಗೆ ಅವನ ಮೆಸೇಜ್: "ಗ್ರೀಸ್ ಗನ್ ಇದೆಯಾ?" ಸಿಲ್ ಬಗ್ಗೆ ಒಂದಕ್ಷರ ಇಲ್ಲ. "ಇದೆ. ವೆಲ್ಡಿಂಗ್ ಮೆಷಿನ್ನೂ ಇದೆ" ಎಂದು ಬರೆದೆ. ಓದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.