ಷೇರು ಬಿತ್ತು, ವಿಜ್ಞಾನ ಬಂತು

ನಾವು ಕೊಂಡಿದ್ದ ಅಯೋಡಿನ್ ಕಂಪನಿಯ ಷೇರು ಬೀಳಲು ಶುರುವಾದ ವಾರವೇ ನಮ್ಮ ಎಂಟು ಜನಕ್ಕೂ ರಸಾಯನಶಾಸ್ತ್ರ ಬಂತು. ಅದಕ್ಕೆ ಮುಂಚೆ ಅಯೋಡಿನ್ ಅಂದರೆ ಮಂಡಿ ತರಚಿದಾಗ ಹಚ್ಚುವ ಕಂದು ಬಣ್ಣದ ಉರಿ, ಅಷ್ಟೇ. ಷೇರು 100ರಲ್ಲಿ ಇದ್ದಾಗ ಕಂಪನಿ ಏನು ಮಾಡುತ್ತದೆ ಅಂತ ಯಾರೂ ಕೇಳಲಿಲ್ಲ. ಏರುತ್ತಿರುವ ಷೇರಿನ ಜಾತಕ ಯಾರು ನೋಡುತ್ತಾರೆ? 70ಕ್ಕೆ ಇಳಿದಾಗ ಒಬ್ಬರು ಮೂಲವಸ್ತುಗಳ ಕೋಷ್ಟಕ ಹುಡುಕಿಕೊಂಡು ಬಂದರು. ಅಯೋಡಿನ್‌ನ ಪರಮಾಣು ಸಂಖ್ಯೆ 53 ಎಂದು ಎಲ್ಲರಿಗೂ ಬಾಯಿಪಾಠವಾಯಿತು. ಷೇರು 55ಕ್ಕೆ ಬಂದಾಗ, ಬೆಲೆಯ ಗೆರೆ ನೋಡಿ ಭವಿಷ್ಯ ಹೇಳುವ ನಮ್ಮ ಚಾರ್ಟ್ ಸಾಹೇಬರು ಗಂಭೀರವಾಗಿ ಹೇಳಿದರು: "ನೋಡ್ತಾ ಇರಿ. 53ರಲ್ಲಿ ನಿಲ್ಲುತ್ತೆ. ಪ್ರಕೃತಿನೇ ಕೊಟ್ಟಿರೋ ಸಪೋರ್ಟ್ ಅದು."

ಪ್ರಕೃತಿಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ. ಷೇರು 50ಕ್ಕೆ ಬಂತು. ಅದು ತವರದ ಸಂಖ್ಯೆ. 47ಕ್ಕೆ ಬಂತು, ಬೆಳ್ಳಿ. ಕೇಳುವುದಕ್ಕೆ ಚೆನ್ನಾಗಿತ್ತು, ನೋಡುವುದಕ್ಕೆ ಅಲ್ಲ. ಆಮೇಲೆ ನಾವು ಕೋಷ್ಟಕದಲ್ಲಿ ಹಿಂದಕ್ಕೆ ನಡೆಯುತ್ತಲೇ ಹೋದೆವು.

ನಾವೇನೂ ದೊಡ್ಡ ಕುಳಗಳಲ್ಲ. ಸಂಬಳದಲ್ಲಿ ಉಳಿಸಿದ್ದು, ಪಿಂಚಣಿಯಲ್ಲಿ ಮಿಕ್ಕಿದ್ದು ತಂದು ಒಂದೇ ಒಂದು ಸಣ್ಣ ಅಯೋಡಿನ್ ಕಂಪನಿಯ ಷೇರಿನಲ್ಲಿ ಸುರಿದವರು. ಭಾನುವಾರ ಸೇರುತ್ತೇವೆ. ಮೊದಮೊದಲು ಖುಷಿ ಹಂಚಿಕೊಳ್ಳಲು ಸೇರುತ್ತಿದ್ದೆವು. ಈಗ ಸಾವಿನ ಮನೆಗೆ ಹೋಗುವ ಹಾಗೆ ಹೋಗುತ್ತೇವೆ. ಹೋಗದಿದ್ದರೆ 'ಇವನು ಮಾರಿಬಿಟ್ಟ' ಅಂದುಕೊಳ್ಳುತ್ತಾರಲ್ಲ ಎಂಬ ಭಯ ಬೇರೆ.

ಒಂದು ಭಾನುವಾರ ನಿವೃತ್ತ ಮೇಷ್ಟ್ರು ಬೆರಳುದ್ದದ ಗಾಜಿನ ಶೀಶೆ ತಂದರು. ತಳದಲ್ಲಿ ನಾಲ್ಕೈದು ಹರಳು. ಕಪ್ಪು ಅನ್ನಲೂ ಆಗದು, ಬೂದಿ ಅನ್ನಲೂ ಆಗದು, ಲೋಹದ ಹಾಗೆ ಹೊಳಪು. "ಮುಚ್ಚಳ ತೆಗೀಬೇಡಿ, ಅಂಗೈಯಲ್ಲಿ ಸುಮ್ನೆ ಹಿಡ್ಕೊಳ್ಳಿ" ಅಂದರು. ಹಿಡಿದೆವು. ಎರಡು ನಿಮಿಷಕ್ಕೆ ಶೀಶೆಯೊಳಗೆ ತೆಳ್ಳಗೆ ನೇರಳೆ ಬಣ್ಣ ಎದ್ದಿತು. ಎಂಟು ತಲೆಗಳು ಒಂದೇ ಶೀಶೆಯ ಮೇಲೆ ಬಾಗಿದವು. ಆರು ತಿಂಗಳಲ್ಲಿ ನಮ್ಮ ಹೂಡಿಕೆಗೆ ಸಂಬಂಧಪಟ್ಟ ಒಂದು ವಸ್ತು ಮೇಲಕ್ಕೆ ಹೋದದ್ದನ್ನು ನಾವು ಕಂಡದ್ದು ಅದೇ ಮೊದಲು.

"ಘನ ಇದ್ದದ್ದು ನೇರವಾಗಿ ಆವಿ ಆಗ್ತಾ ಇದೆ. ಬಿಸಿ ಮಾಡಿದರೆ 114 ಡಿಗ್ರಿ ಹತ್ತಿರ ಕರಗುತ್ತೆ. ಆದರೆ ಅಲ್ಲಿವರೆಗೆ ಕಾಯೋ ತಾಳ್ಮೆ ಅದಕ್ಕಿಲ್ಲ. ಮಧ್ಯದಲ್ಲಿ ದ್ರವ ಅನ್ನೋದೇ ಕಾಣಲ್ಲ" ಅಂದರು ಮೇಷ್ಟ್ರು.

"ಲಿಕ್ವಿಡಿಟಿ ಇಲ್ಲ ಅನ್ನಿ" ಅಂದರು ಮೂಲೆಯಲ್ಲಿದ್ದ ಲೆಕ್ಕದವರು. ಅವರು ಯಾವುದೋ ಆಫೀಸಿನಲ್ಲಿ ಲೆಕ್ಕಪತ್ರ ನೋಡುವವರು. ಮಾತು ಕಮ್ಮಿ. ಬೇಕೆಂದಾಗ ಷೇರು ಮಾರಲು ಗಿರಾಕಿ ಸಿಗುವುದಕ್ಕೂ ಪೇಟೆಯಲ್ಲಿ ಲಿಕ್ವಿಡಿಟಿ ಅಂತಲೇ ಹೆಸರು. ಯಾರೂ ನಗಲಿಲ್ಲ.

ಮೇಷ್ಟ್ರು ಮುಂದುವರಿಸಿದರು. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಎಂಬಾತ ಕೋವಿಯ ಮದ್ದಿಗೆ ಬೇಕಾದ ಪೆಟ್ಲುಪ್ಪು ಮಾಡುತ್ತಿದ್ದ. ನೆಪೋಲಿಯನ್ನನ ಯುದ್ಧದ ಕಾಲ. ಕಡಲಕಳೆಯ ಬೂದಿಗೆ ಗಂಧಕದ ಆಮ್ಲ ಜಾಸ್ತಿ ಸುರಿದ. ನೇರಳೆ ಹೊಗೆ ಎದ್ದಿತು. ಅದೇ ಅಯೋಡಿನ್. ಗ್ರೀಕಿನಲ್ಲಿ ನೇರಳೆ ಬಣ್ಣಕ್ಕಿರುವ ಮಾತಿನಿಂದ ಬಂದ ಹೆಸರು. ಎಲ್ಲರೂ ತಲೆದೂಗಿದರು. ಇನ್ನೂರು ವರ್ಷದ ಇತಿಹಾಸ ಇರುವ ವಸ್ತು, ಇನ್ನೂರು ದಿನದಲ್ಲಿ ಮುಳುಗುತ್ತದೆಯೇ?

ಕಥೆಯ ಎರಡನೇ ಅರ್ಧವನ್ನು ಮೇಷ್ಟ್ರು ಗಂಟಲಲ್ಲೇ ನುಂಗಿದರು. ನಾನು ಮನೆಗೆ ಹೋಗಿ ಓದಿಕೊಂಡೆ. ಕೂರ್ಟ್ವಾ 1822ರಲ್ಲಿ ಅಯೋಡಿನ್ ತಯಾರಿಸಿ ಮಾರಲು ಹೊರಟ. ಅಂದರೆ ಅವನೂ ಒಬ್ಬ ಸಣ್ಣ ಅಯೋಡಿನ್ ಉತ್ಪಾದಕನೇ! 1831ರಲ್ಲಿ 6,000 ಫ್ರಾಂಕ್ ಬಹುಮಾನ ಬಂತು. ವ್ಯಾಪಾರ ಮಾತ್ರ ಕೈ ಹಿಡಿಯಲಿಲ್ಲ. 1838ರಲ್ಲಿ ಸತ್ತಾಗ ಹೆಂಡತಿ, ಮಗನಿಗೆ ಬಿಟ್ಟುಹೋಗಲು ಆಸ್ತಿ ಏನೂ ಇರಲಿಲ್ಲ. ಮುಂದಿನ ವಾರ ಇದನ್ನು ಸಭೆಯಲ್ಲಿ ಹೇಳಿದೆ. "ಅವನಿಗೆ ಲಾಂಗ್ ಟರ್ಮ್ ದೃಷ್ಟಿ ಇರಲಿಲ್ಲ" ಅಂದರು ಚಾರ್ಟ್ ಸಾಹೇಬರು.

ನಮ್ಮಲ್ಲಿ ಥೈರಾಯ್ಡ್ ಮೇಡಂ ಅಂತ ಒಬ್ಬರಿದ್ದಾರೆ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ಮಾಡಲು ಅಯೋಡಿನ್ ಬೇಕೇ ಬೇಕು. ಅವರ ವಾದ ಸರಳ. "ಮನುಷ್ಯರಿಗೆ ಥೈರಾಯ್ಡ್ ಗ್ರಂಥಿ ಇರೋವರೆಗೂ ಈ ಕಂಪನಿಗೆ ಸಾವಿಲ್ಲ." ಕೇಳಿದವರಿಗೆ ಮೈ ಜುಂ ಅನ್ನುತ್ತದೆ. ಎಂಟುನೂರು ಕೋಟಿ ಗಿರಾಕಿಗಳು, ಕತ್ತಿನಲ್ಲೇ ಅಂಗಡಿ ಇಟ್ಟುಕೊಂಡು ಕಾಯುತ್ತಿದ್ದಾರೆ! ನನಗೆ ಸುಮ್ನಿರಲಾಗದೆ ಪೆನ್ನು ತಗೊಂಡೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಒಂದು ಗ್ರಾಂ ಇದ್ದರೆ 18 ವರ್ಷ ತಳ್ಳಬಹುದು. ಎಪ್ಪತ್ತು ವರ್ಷ ಬದುಕಿದವರ ಇಡೀ ಜನ್ಮಕ್ಕೆ ನಾಲ್ಕು ಗ್ರಾಂ ಮುಟ್ಟುವುದಿಲ್ಲ. ಎಂಟುನೂರು ಕೋಟಿ ಜನರೂ ಒಂದು ದಿನ ತಪ್ಪದೆ ತಿಂದರೂ ವರ್ಷಕ್ಕೆ 440 ಟನ್ ಆಯಿತು. ಪ್ರಪಂಚ ವರ್ಷಕ್ಕೆ ತೆಗೆಯುವ ಅಯೋಡಿನ್ 30,000 ಟನ್‌ಗೂ ಜಾಸ್ತಿ.

ಹಾಗಾದರೆ ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ? ಎಲ್ಲಕ್ಕಿಂತ ಹೆಚ್ಚು ಹೋಗುವುದು ಸ್ಕ್ಯಾನಿಂಗ್‌ಗೆ. ಸಿಟಿ ಸ್ಕ್ಯಾನ್ ಮಾಡುವ ಮುಂಚೆ ರಕ್ತನಾಳ ಚೆನ್ನಾಗಿ ಕಾಣಲಿ ಅಂತ ಒಂದು ಔಷಧಿ ಚುಚ್ಚುತ್ತಾರಲ್ಲ, ಅದರ ನೂರು ಮಿಲಿಲೀಟರ್‌ನಲ್ಲಿ 30 ಗ್ರಾಂ ಅಯೋಡಿನ್ ಇರುತ್ತದೆ. ಏಳೆಂಟು ಜನ್ಮಕ್ಕೆ ಆಗುವಷ್ಟನ್ನು ಒಂದೆರಡು ನಿಮಿಷದಲ್ಲಿ ನರಕ್ಕೆ ಬಿಡುತ್ತಾರೆ. ಇದನ್ನು ಹೇಳಿದ ಮೇಲೆ ನಮ್ಮ ಸಭೆಯ ನೈತಿಕ ಮಟ್ಟವೇ ಬದಲಾಯಿತು. ಯಾರಾದರೂ ಹುಷಾರಿಲ್ಲ ಅಂದರೆ "ಸ್ಕ್ಯಾನ್ ಮಾಡಿಸಿದ್ರಾ?" ಅಂತ ಏಳು ಜನ ಒಟ್ಟಿಗೆ ಕೇಳುತ್ತಾರೆ. ಕಾಳಜಿ ಇರಬಹುದು. ಇರಲಿ ಅಂತಲೇ ನನ್ನ ಆಸೆ.

ಇವರೆಲ್ಲರನ್ನೂ ಮೀರಿಸಿದವರು ಅಣುಬಾಂಬ್ ಅಣ್ಣ. ಎಲ್ಲಾದರೂ ಅಣುಸ್ಥಾವರದ ಸುದ್ದಿ ಬಂದರೆ ಸಾಕು, ಅವರ ಮುಖ ಅರಳುತ್ತದೆ. 1986ರ ಚೆರ್ನೋಬಿಲ್, 2011ರ ಫುಕುಶಿಮಾ ಎರಡನ್ನೂ ಬೋನಸ್ ಷೇರಿನ ತಾರೀಖಿನ ಹಾಗೆ ನೆನಪಿಟ್ಟುಕೊಂಡಿದ್ದಾರೆ. ವಿಕಿರಣದ ಭಯ ಬಂದರೆ ಜನ ಥೈರಾಯ್ಡ್ ಉಳಿಸಿಕೊಳ್ಳಲು ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಗೆ ಮುಗಿಬೀಳುತ್ತಾರೆ, ಷೇರು ಹಾರುತ್ತದೆ, ಇದು ಅವರ ಸಿದ್ಧಾಂತ. ಲೆಕ್ಕದವರು ಮೂಲೆಯಿಂದಲೇ ಹೇಳಿದರು: "130 ಮಿಲಿಗ್ರಾಂ ಮಾತ್ರೆಯಲ್ಲಿ ಅಯೋಡಿನ್ ನೂರು ಮಿಲಿಗ್ರಾಂ. ಒಂದು ಕಿಲೋಗೆ ಹತ್ತು ಸಾವಿರ ಮಾತ್ರೆ. ನೂರು ಟನ್‌ಗೆ ನೂರು ಕೋಟಿ. ಎಷ್ಟು ಊರು ಹಾಳಾಗಬೇಕು ಅಂತೀರಾ?"

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದರು. ನಿಜವಾಗಿಯೂ ಲೆಕ್ಕ ಹಾಕುತ್ತಿದ್ದರು. "ಹಾಗೆ ಆಗಬಾರದು ಅಂತಾನೇ ನಮ್ಮ ಪ್ರಾರ್ಥನೆ" ಅಂದರು ಕೊನೆಗೆ. ಪ್ರಾರ್ಥನೆಯಲ್ಲಿ ಅಂಥ ಬಲ ಇರಲಿಲ್ಲ.

ಇನ್ನು ಬೆಲೆ. ಅಯೋಡಿನ್‌ನ ಬಹುಪಾಲು ಬರುವುದು ಎರಡೇ ದೇಶದಿಂದ. ಚಿಲಿ ತನ್ನ ಮರುಭೂಮಿಯ ಅದಿರಿನಿಂದ ತೆಗೆಯುತ್ತದೆ. ಜಪಾನ್ ನೆಲದಡಿಯ ಅನಿಲದ ಜೊತೆ ಬರುವ ಉಪ್ಪುನೀರಿನಿಂದ ತೆಗೆಯುತ್ತದೆ. ಬೆಲೆ ಏನಿರಬೇಕು ಅನ್ನುವುದು ಅಲ್ಲಿನ ದೊಡ್ಡವರ ಮರ್ಜಿ. ನಮ್ಮ ಸಣ್ಣ ಕಂಪನಿ ಆ ಬೆಲೆಗೇ ಮಾರಿ, ಕೊಟ್ಟಿದ್ದು ತಗೊಂಡು ಬರಬೇಕು. 2012ರ ಹೊತ್ತಿಗೆ ಕಿಲೋಗೆ 50 ಡಾಲರ್ ದಾಟಿತ್ತು. 2017ಕ್ಕೆ 20ರ ಆಸುಪಾಸಿಗೆ ಬಿತ್ತು. 2023ರಲ್ಲಿ 60ಕ್ಕೂ ಮೇಲೆ ಹೋಯಿತು. ಚಾರ್ಟ್ ಸಾಹೇಬರಿಗೆ ಇದರಲ್ಲಿ ಕಷ್ಟವೇ ಇಲ್ಲ. ಅಯೋಡಿನ್ ಬೆಲೆ ಬಿದ್ದರೆ "ಕೆಟ್ಟ ಸುದ್ದಿ ಎಲ್ಲಾ ಮುಗೀತು, ಇನ್ನು ಏರೋದೇ". ಏರಿದರೆ "ಅಯೋಡಿನ್ ಏರಿದೆ, ಷೇರು ಏರಿಲ್ಲ, ಅಂದರೆ ಅಗ್ಗ". ಇದ್ದಲ್ಲೇ ಇದ್ದರೆ "ಕನ್ಸಾಲಿಡೇಷನ್". ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಅವರ ಕೈಬೆರಳು ಮೇಲಕ್ಕೇ ತೋರಿಸುತ್ತದೆ. ನಷ್ಟದ ವಿಷಯ ಎತ್ತಿದರೆ ಏಳು ಜನರೂ ಒಂದೇ ರಾಗ: "ಮಾರೋವರೆಗೂ ಅದು ಪೇಪರ್ ಲಾಸ್ ಅಷ್ಟೇ." ನೂರು ಇದ್ದಾಗ ಬಂದಿದ್ದ ಲಾಭವೂ ಪೇಪರ್ ಮೇಲೆಯೇ ಇತ್ತು. ಆಗ ಮಾತ್ರ ಅದನ್ನು ಎಲ್ಲರೂ ಆಸ್ತಿ ಅನ್ನುತ್ತಿದ್ದರು.

ಒಂದು ಭಾನುವಾರ ಲೆಕ್ಕದವರು ಕಂಪನಿಯ ವಾರ್ಷಿಕ ವರದಿ ತಂದಿದ್ದರು. ದಪ್ಪ ಪುಸ್ತಕ. ಮುಖಪುಟದ ಮೇಲೆ ನೇರಳೆ ಬಣ್ಣದ ಹರಳು, ನಗುವ ಕಾರ್ಮಿಕ. ನಾವು ಏಳೂ ಜನ ಅದರ ಮೊದಲ ಹತ್ತು ಪುಟ ಓದಿದ್ದೆವು, ಯಾಕಂದರೆ ಫೋಟೋ ಇರುವುದು ಅಲ್ಲೇ. ಇವರು ಹಿಂದಿನಿಂದ ಓದಿದ್ದರು. ಒಂದು ಪುಟದ ಮೂಲೆ ಮಡಚಿತ್ತು.

"ಇವರಿಗೆ ಸ್ವಂತ ಬಾವಿ ಇಲ್ಲ" ಅಂದರು. "ಬೇರೆ ಕಂಪನಿ ತೈಲ ತೆಗೆಯುತ್ತೆ. ತೈಲದ ಜೊತೆ ಉಪ್ಪುನೀರು ಬರುತ್ತೆ. ಆ ನೀರನ್ನ ಇವರು ತಗೊಂಡು ಆಮ್ಲ, ಕ್ಲೋರಿನ್ ಹಾಕಿ, ಗಾಳಿ ಊದಿ ಅಯೋಡಿನ್ ಬಿಡಿಸಿ, ಮಿಕ್ಕ ನೀರನ್ನ ವಾಪಸ್ ಕೊಡ್ತಾರೆ. ತೈಲದವರು ಪಂಪ್ ನಿಲ್ಲಿಸಿದರೆ ನೀರು ಇಲ್ಲ. ನೀರು ಇಲ್ಲ ಅಂದರೆ ಅಯೋಡಿನ್ ಇಲ್ಲ. 2020ರ ಏಪ್ರಿಲ್ 20ಕ್ಕೆ ಅಮೆರಿಕದ ತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋಗಿ ಮೈನಸ್ 37.63 ಡಾಲರ್ ಆಗಿತ್ತು. ನೆನಪಿದೆಯಾ?"

ಕೋಣೆಯಲ್ಲಿ ಒಂದು ಗಳಿಗೆ ನಿಜವಾದ ಮೌನ. ಆರು ತಿಂಗಳು ನಾವು ಮನುಷ್ಯರ ಕತ್ತು, ರಕ್ತನಾಳ, ಅಣುಬಾಂಬು ಎಲ್ಲವನ್ನೂ ತಡಕಿದ್ದೆವು. ಯಾರೋ ಮೂರನೆಯವರ ಪಂಪ್ ಓಡುತ್ತಿದೆಯೋ ಇಲ್ಲವೋ ಅಂತ ಮಾತ್ರ ನೋಡಿರಲಿಲ್ಲ. ನೆಂಟರ ಮನೆಯ ನಲ್ಲಿ ನಂಬಿಕೊಂಡು ತೋಟ ಮಾಡಿದ ಹಾಗೆ.

ಮೌನ ಮುರಿದವರು ಥೈರಾಯ್ಡ್ ಮೇಡಂ. "ಲೆಕ್ಕದವರೇ, ಸ್ವಲ್ಪ ಪಾಸಿಟಿವ್ ಆಗಿ ಯೋಚಿಸಿ." ಎಲ್ಲರಿಗೂ ಜೀವ ಬಂತು. ಮೇಷ್ಟ್ರು ಶೀಶೆ ತೆಗೆದರು.

ಅದಾದ ಮಂಗಳವಾರ ಷೇರು 32ರಿಂದ 30ಕ್ಕೆ ಬಿತ್ತು. ಒಂದೇ ದಿನಕ್ಕೆ ಆರು ಪರ್ಸೆಂಟ್. ಸುದ್ದಿ ಏನೂ ಇರಲಿಲ್ಲ. ಸುದ್ದಿ ಇಲ್ಲದೆ ಬಿದ್ದರೆ ಅದಕ್ಕಿಂತ ದೊಡ್ಡ ಸುದ್ದಿ ಬೇಕೇ? "ದೊಡ್ಡ ಕೈ ಆಟ ಆಡ್ತಾ ಇದೆ" ಅಂದರು ಚಾರ್ಟ್ ಸಾಹೇಬರು. "ಹೆದರಿಸಿ ನಮ್ಮ ಕೈಯಿಂದ ಕಿತ್ಕೋತಾರೆ, ಆಮೇಲೆ ಎತ್ತುತ್ತಾರೆ." "ಚಿಲಿಯವರೇ ಇರಬೇಕು" ಅಂದರು ಅಣುಬಾಂಬ್ ಅಣ್ಣ. ಬೆಲೆ ಬಿದ್ದರೆ ಲಾಭ ಮಾಡುವ ಶಾರ್ಟ್ ಸೆಲ್ಲರ್, ಬೆಲೆಯನ್ನು ಬೇಕೆಂದೇ ಏರಿಳಿಸುವ ಆಪರೇಟರ್, ವಿದೇಶಿ ಫಂಡು, ಎಲ್ಲರ ಮೇಲೂ ಒಂದು ಸುತ್ತು ಅನುಮಾನ ಹೋಗಿ ಬಂತು. ಜಗತ್ತಿನ ದೊಡ್ಡ ದುಡ್ಡೆಲ್ಲ ನಮ್ಮ ಎಂಟು ಜನರ ಷೇರಿನ ಮೇಲೆ ಕಣ್ಣಿಟ್ಟಿದೆ ಅನ್ನುವುದರಲ್ಲಿ ಒಂಥರಾ ಸಮಾಧಾನವೂ ಇತ್ತು. ಆ ದಿನ ಒಟ್ಟು ಕೈ ಬದಲಾದ ಷೇರು ಎಷ್ಟು ಗೊತ್ತಾ? 1,500.

ನಾವು ಸುಮ್ಮನೆ ಕೂರುವವರಲ್ಲ. ಅಂಥ ಸಂಚಿಗೆ ತಕ್ಕ ಉತ್ತರ ಕೊಟ್ಟೆವು. ಆವರೇಜ್ ಮಾಡಿದೆವು. ನನ್ನ ಹತ್ತಿರ 100ರ ಲೆಕ್ಕದಲ್ಲಿ 300 ಷೇರು ಇತ್ತು. 30ಕ್ಕೆ ಇನ್ನೂ 200 ತಗೊಂಡೆ. ಆವರೇಜ್ 72ಕ್ಕೆ ಇಳಿಯಿತು. ಅಸಲು ಬರಲು ಮುಂಚೆ ಷೇರು ಮೂರು ಪಟ್ಟಿಗೂ ಜಾಸ್ತಿ ಏರಬೇಕಿತ್ತು, ಈಗ ಎರಡೂವರೆ ಪಟ್ಟು ಆದರೂ ಸಾಕು. ಇಷ್ಟು ಸುಲಭವಾಗಿ ಪ್ರಗತಿ ಬೇರೆಲ್ಲೂ ಸಿಗುವುದಿಲ್ಲ. ಮೇಷ್ಟ್ರು 300 ತಗೊಂಡರು. ಮೇಡಂ 400. ಉಳಿದವರು ಕೈಲಾದಷ್ಟು.

ಭಾನುವಾರ ಎಲ್ಲರೂ ಎದೆ ಉಬ್ಬಿಸಿಕೊಂಡು ಬಂದರು. ಯಾರು ಎಷ್ಟು ತಗೊಂಡರು ಅಂತ ಮೇಷ್ಟ್ರು ಹಲಗೆಯ ಮೇಲೆ ಬರೆದು ಕೂಡಿಸಿದರು. 1,500 ಬಂತು. "ನೋಡಿ" ಅಂದರು ಚಾರ್ಟ್ ಸಾಹೇಬರು, "ಆವತ್ತು ಮಾರುಕಟ್ಟೆಗೆ ಬಂದದ್ದನ್ನೆಲ್ಲ ನಾವೇ ನುಂಗಿದ್ದೀವಿ!" ಚಪ್ಪಾಳೆ. ಆಗ ಯಾರಿಗೋ ಹೊಳೆಯಿತು, ಲೆಕ್ಕದವರ ಹೆಸರಿನ ಮುಂದೆ ಏನೂ ಬರೆದಿಲ್ಲ.

"ನೀವು ತಗೊಳ್ಳಲಿಲ್ವಾ?"

"ಇಲ್ಲ. ನಾನು ಮಾರಿದೆ."

"ಎಷ್ಟು?"

ಅವರು ಹಲಗೆಯ ಮೇಲಿನ ಮೊತ್ತದ ಕಡೆ ನೋಡಿದರು. ಅಷ್ಟೇ ಸಾಕಾಯಿತು.

ಚಿಲಿ, ಆಪರೇಟರ್, ಶಾರ್ಟ್ ಸೆಲ್ಲರ್ ಎಲ್ಲರೂ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಮೇಡಂ ಕೋಪದಲ್ಲಿ ಕೇಳಿದರು: "ಮಾರಿದ ಮೇಲೆ ಇಲ್ಲಿಗೆ ಯಾಕೆ ಬರ್ತೀರಿ ಮತ್ತೆ?"

"ಸುಮ್ನೆ. ಇಲ್ಲಿ ಮಾತು ಚೆನ್ನಾಗಿರುತ್ತೆ."

ನಾನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. ನಾವೆಲ್ಲ 30ಕ್ಕೆ ತಗೊಂಡಿದ್ದೆವು, ಸತುವಿನ ಸಂಖ್ಯೆ. ಅವರು ಮಾರಿದ್ದು 29ಕ್ಕಂತೆ, ತಾಮ್ರ. ಒಂದೇ ಕೋಣೆಯೊಳಗೆ ಷೇರು ಈ ಕುರ್ಚಿಯಿಂದ ಆ ಕುರ್ಚಿಗೆ ಹೋಗುವಷ್ಟರಲ್ಲಿ ಮಧ್ಯದ ಒಂದು ಎಲ್ಲಿಗೆ ಹೋಯಿತು ಅನ್ನುವುದು ಮುಂದಿನ ಭಾನುವಾರದ ಚರ್ಚೆ. ಆವಿಯಾಗಿರಬೇಕು ಅಂತ ಮೇಷ್ಟ್ರ ಅಭಿಪ್ರಾಯ. ಇದನ್ನು ಬರೆಯುವ ಹೊತ್ತಿಗೆ ನಾವು ಕಬ್ಬಿಣಕ್ಕೆ ಬಂದಿದ್ದೇವೆ, 26.