ನೇಕಾರರ ಮಿದುಳು, ಒಂದು ಪ್ಲೇಟ್

ಫ್ರೆಂಚ್ ಬಾರದಿದ್ದರೇನು, ಮೊಬೈಲ್ ಇದೆಯಲ್ಲ ಎಂದು ಹೆಂಡತಿಗೆ ಧೈರ್ಯ ಹೇಳಿದ್ದೆ. ಬೋರ್ಡಿಗೆ ಕ್ಯಾಮೆರಾ ಹಿಡಿದರೆ ಸಾಕು, ಕನ್ನಡದಲ್ಲಿ ಅರ್ಥ ಬರುತ್ತದೆ. ಆಫೀಸ್ ಕೆಲಸಕ್ಕೆಂದು ಮೂರು ವಾರ ಪ್ಯಾರಿಸ್‌ನಲ್ಲಿದ್ದೆವು. ಒಂದು ಶನಿವಾರ ಬೆಳಿಗ್ಗೆ ಟಿಜಿವಿ ಎಂಬ ಅತಿವೇಗದ ರೈಲು ಹತ್ತಿ ಲಿಯೋನ್‌ಗೆ ಹೊರಟೆವು. 400 ಕಿಲೋಮೀಟರಿಗೂ ಜಾಸ್ತಿ ದೂರ, ಸುಮಾರು ಎರಡೇ ಗಂಟೆ. ಹೋಗುತ್ತಿರುವುದು ರೇಷ್ಮೆಗೆ ಹೆಸರಾದ ಊರಿಗೆ ಎಂದೆ. "ನಮ್ಮ ಸಿಲ್ಕ್ ಬೋರ್ಡ್ ದಾಟೋಕೂ ಇಷ್ಟೇ ಹೊತ್ತು ಅಲ್ವೇನ್ರೀ" ಎಂದಳು ಇವಳು.

ಸೋನ್ ನದಿ ದಾಟಿದರೆ ಹಳೇ ಊರು. ಅದರ ನೆತ್ತಿಯ ಮೇಲೆ ಫೂರ್ವಿಯೇರ್ ಗುಡ್ಡ. ಹತ್ತುವುದಕ್ಕೆ ಕೇಬಲ್ ಎಳೆಯುವ ಪುಟ್ಟ ರೈಲಿದೆ. ಊರಿನವರು ಅದನ್ನು 'ಫಿಸೆಲ್' ಅನ್ನುತ್ತಾರೆ. ಮೊಬೈಲನ್ನು ಕೇಳಿದೆ. 'ದಾರ' ಎಂದಿತು. ಇವಳು ಒಂದು ಹೆಜ್ಜೆ ಹಿಂದೆ ಸರಿದಳು. "ದಾರ ಕಟ್ಟಿ ಎಳೀತಾರಾ? ನಾನು ನಡ್ಕೊಂಡೇ ಬರ್ತೀನಿ." ಪುಸಲಾಯಿಸಿ ಹತ್ತಿಸಿದೆ. ದಾರ ಗಟ್ಟಿಯಾಗಿಯೇ ಇತ್ತು.

ಮೇಲೆ ಬಿಳಿಯ ಬಸಿಲಿಕಾ, ಪಕ್ಕದಲ್ಲೇ ರೋಮನ್ನರ ಬಯಲು ರಂಗಮಂದಿರ. ಕ್ರಿ.ಪೂ. 43ರಲ್ಲಿ ರೋಮನ್ನರು ಇಲ್ಲಿ ಊರು ಕಟ್ಟಿ ಲುಗ್ದುನಮ್ ಎಂದು ಹೆಸರಿಟ್ಟರು. ಆ ರಂಗಮಂದಿರದಲ್ಲಿ ಬೇಸಿಗೆಯಲ್ಲಿ ಈಗಲೂ ಕಾರ್ಯಕ್ರಮ ನಡೆಯುತ್ತದೆ. ಆಕಾಶ ತಿಳಿಯಾಗಿದ್ದರೆ ಗುಡ್ಡದಿಂದ ಆಲ್ಪ್ಸ್‌ನ ಹಿಮಶಿಖರ ಮೌಂಟ್ ಬ್ಲಾಂಕ್ ಕಾಣುತ್ತದಂತೆ. ನಾನು ಅದರ ಹದಿನಾಲ್ಕು ಫೋಟೋ ತೆಗೆದೆ. ಹದಿನೈದನೆಯದಕ್ಕೆ ಮೌಂಟ್ ಬ್ಲಾಂಕ್ ಎಡಕ್ಕೆ ತೇಲಿಕೊಂಡು ಹೋಯಿತು.

ಇಷ್ಟಾಗುವಾಗ ಎರಡೂಕಾಲು ಗಂಟೆ. ಕೆಳಗಿಳಿದು ಒಂದು ಹೋಟೆಲಿಗೆ ನುಗ್ಗಿ "ವೆಜಿಟೇರಿಯನ್?" ಎಂದೆ. ವೇಟರ್ "ಬೋಂಜೂರ್" ಎಂದ. ಕಿವಿ ಮಂದ ಇರಬೇಕು ಅಂದುಕೊಂಡು ಜೋರಾಗಿ ಕೇಳಿದೆ. ಅವನೂ ಜೋರಾಗಿ "ಬೋಂಜೂರ್" ಎಂದ. ಮೂರನೇ ಸಲ ಇವಳು ಮೊಣಕೈಯಲ್ಲಿ ತಿವಿದಳು. ನಾನೂ ಬೋಂಜೂರ್ ಎಂದೆ. ಅವನ ಮುಖ ಅರಳಿತು. ಅರಳಿದ ಮುಖದಲ್ಲೇ ಅಡುಗೆಮನೆ ಮುಚ್ಚಿದೆ, ಇನ್ನು ಏಳು ಗಂಟೆಗೇ ಎಂದ. ಅದನ್ನು ಮೊದಲೇ ಹೇಳಬಹುದಿತ್ತು. ಆದರೆ ನಮಸ್ಕಾರ ಹೇಳದವನಿಗೆ ಊಟ ಇಲ್ಲ ಅನ್ನುವುದನ್ನೂ ಹೇಳುವುದಿಲ್ಲ ಇಲ್ಲಿ.

ಏಳರವರೆಗೆ ಏನು ಮಾಡುವುದು? ಕ್ರ್ವಾ ರೂಸ್ ಗುಡ್ಡಕ್ಕೆ ಹೋದೆವು. ಫೂರ್ವಿಯೇರ್ ಪ್ರಾರ್ಥನೆ ಮಾಡುವ ಗುಡ್ಡ, ಕ್ರ್ವಾ ರೂಸ್ ದುಡಿಯುವ ಗುಡ್ಡ ಎಂದು ಮಾತಿದೆ. ಇದು ರೇಷ್ಮೆ ನೇಕಾರರ ಜಾಗ. ಅವರನ್ನು 'ಕಾನ್ಯು' ಅನ್ನುತ್ತಾರೆ. ಎತ್ತರದ ಮಗ್ಗ ಹಿಡಿಸಲೆಂದೇ ಇಲ್ಲಿನ ಮನೆಗಳಿಗೆ ಸುಮಾರು ನಾಲ್ಕು ಮೀಟರ್ ಎತ್ತರದ ಸೂರು. ನಮ್ಮ ನೇಕಾರರು 'ಜಕಾರ್ಡ್' ಅನ್ನುತ್ತಾರಲ್ಲ, ರಂಧ್ರದ ಕಾರ್ಡಿನಿಂದ ಬಣ್ಣದ ಬುಟ್ಟಾ ಮೂಡಿಸುವ ಸಾಧನ, ಅದನ್ನು ರೂಪಿಸಿದ ಜೋಸೆಫ್ ಮರಿ ಜಕಾರ್ಡ್ ಈ ಊರಿನವನೇ. ಕೂಲಿಗಾಗಿ 1831ರಲ್ಲಿ ಕಾನ್ಯುಗಳು ದಂಗೆ ಎದ್ದಿದ್ದರು. ಇಷ್ಟನ್ನೂ ಇವಳಿಗೆ ವಿವರಿಸಿದೆ. "ನನ್ನ ಸೀರೆ ಸೆರಗಿಗೂ ಅವನೇ ಕಾರಣಾನಾ? ಹಾಗಾದ್ರೆ ನೀವು ಬೈಬೇಕಾದ್ದು ಅವನನ್ನ" ಎಂದಳು.

ಕಟ್ಟಡಗಳ ಒಳಗಿನಿಂದಲೇ ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗುವ ಓಣಿಗಳಿವೆ. ಅವೇ ಟ್ರಾಬೂಲ್. ನೇಕಾರರು ರೇಷ್ಮೆ ಬಟ್ಟೆ ನೆನೆಯದ ಹಾಗೆ ಇವುಗಳೊಳಗೆ ಸಾಗಿಸುತ್ತಿದ್ದರಂತೆ. ಮನೆಗಳಲ್ಲಿ ಜನ ಇರುವುದರಿಂದ ಸದ್ದು ಮಾಡಬಾರದು. ತೆರೆದಿದ್ದ ಒಂದು ಬಾಗಿಲೊಳಗೆ ಬೆಕ್ಕಿನ ಹೆಜ್ಜೆಯಲ್ಲಿ ಹೋದೆವು. ಹಿಂದೆ ಟಕ್ ಎಂದು ಬಾಗಿಲು ಮುಚ್ಚಿತು. ಅದು ಟ್ರಾಬೂಲ್ ಅಲ್ಲ, ಯಾರದ್ದೋ ಮನೆಯ ಮೆಟ್ಟಿಲು.

ಒಳಗಿನಿಂದ ತೆಗೆಯಲು ಒಂದು ಬಟನ್ ಇರುತ್ತದೆ ಎಂದು ಗೊತ್ತಿತ್ತು. ಒಂದನ್ನು ಒತ್ತಿದೆ, ದೀಪ ಹತ್ತಿತು. ಇನ್ನೊಂದನ್ನು ಒತ್ತಿದೆ, ಮೇಲೆಲ್ಲೋ ಗಂಟೆ ಹೊಡೆಯಿತು. ಅಷ್ಟರಲ್ಲಿ ದೀಪ ತಾನಾಗಿಯೇ ಆರಿತು. ಮೆಟ್ಟಿಲಿನ ದೀಪಕ್ಕೂ ಟೈಮರ್! ಕತ್ತಲಲ್ಲಿ ನಾಯಿಯೊಂದು ಬೊಗಳುತ್ತಾ ಇಳಿದು ಬಂತು, ಹಿಂದೆಯೇ ಒಬ್ಬ ಅಜ್ಜಿ. ಈ ಸಲ ನಾನು ತಪ್ಪಲಿಲ್ಲ. "ಬೋಂಜೂರ್, ಬೋಂಜೂರ್, ಬೋಂಜೂರ್" ಎಂದೆ. ಅಜ್ಜಿಗೆ ಒಂದು, ನಾಯಿಗೆ ಎರಡು. ಆಕೆ ನನ್ನನ್ನು ಪಕ್ಕಕ್ಕೆ ಸರಿಸಿ, ನಾನು ಒರಗಿ ನಿಂತಿದ್ದ ಗೋಡೆಯ ಬಟನ್ ಒತ್ತಿದರು. ಬಾಗಿಲು ತೆರೆಯಿತು.

ರಾತ್ರಿ ಊಟಕ್ಕೆ 'ಬುಶೋನ್'. ಲಿಯೋನಿನ ಮನೆಯಡುಗೆಯಂಥ ಊಟದ ಹೋಟೆಲುಗಳಿಗೆ ಆ ಹೆಸರು. ಮೊಬೈಲ್ 'ಟ್ರಾಫಿಕ್ ಜಾಮ್' ಎಂದಿತು. ಆ ಪದಕ್ಕೆ ಆ ಅರ್ಥವೂ ಇದೆ. ಬೆಂಗಳೂರಿನವರಿಗೆ ಇದೇನು ಹೊಸದಲ್ಲ, ಒಳಗೆ ಹೋಗಿ ಕೂತೆವು.

ಮೆನುವಿನಲ್ಲಿ ಮೊದಲು ಕಂಡದ್ದು 'ನೇಕಾರರ ಮಿದುಳು'. ಇವಳು ಹೌಹಾರಿದಳು. ಮಧ್ಯಾಹ್ನವಷ್ಟೇ ಅವರ ಕಷ್ಟಕ್ಕೆ ಅಯ್ಯೋ ಅಂದಿದ್ದೆವು! ಬೇಡಪ್ಪಾ ಎಂದು ನಿರಪಾಯದ ಹೆಸರು ಹುಡುಕಿದೆ. 'ಲಿಯೋನ್ ಸಲಾಡ್'. ಸಲಾಡ್ ಎಂದರೆ ಸೊಪ್ಪು ತಾನೇ? ಬಂತು. ಸೊಪ್ಪಿನ ನಡುವೆ ಹಂದಿಮಾಂಸದ ತುಂಡುಗಳು, ಮೇಲೊಂದು ಮೊಟ್ಟೆ. ಪಕ್ಕದ ಮೇಜಿನಲ್ಲಿ ಕಡುಬಿನಂತೆ ಉಬ್ಬಿದ್ದನ್ನು ನೋಡಿ ಆಸೆಯಾಯಿತು. ಅದು ಕೆನೆಲ್, ಒಳಗೆ ಮೀನು. 'ಸೈನಿಕನ ಏಪ್ರನ್' ಎಂಬುದಂತೂ ಹಸುವಿನ ಹೊಟ್ಟೆಯ ಭಾಗವಂತೆ.

ಕೊನೆಗೆ ಕೈಮುಗಿದು, ಮಾಂಸ ಮೀನು ಇಲ್ಲದ್ದು ಏನಾದರೂ ಇದೆಯಾ ಎಂದೆ. ವೇಟರಮ್ಮ ಬೆರಳಿಟ್ಟು ತೋರಿಸಿದ್ದು ಮಿದುಳನ್ನೇ! ನನ್ನ ಮುಖ ನೋಡಿ ನಕ್ಕು, ಒಳಗಿನಿಂದ ಒಂದು ಬಟ್ಟಲು ತಂದರು. ಗಟ್ಟಿ ಮೊಸರಿನಂಥ ಹಸಿ ಚೀಸ್. ಅದಕ್ಕೆ ಈರುಳ್ಳಿ ಜಾತಿಯ ಸೊಪ್ಪು, ಬೆಳ್ಳುಳ್ಳಿ, ಮೆಣಸು. ಜೊತೆಗೆ ಬೇಯಿಸಿದ ಆಲೂಗಡ್ಡೆ. ಒಗ್ಗರಣೆ ಒಂದು ಬಿಟ್ಟರೆ ಥೇಟ್ ಮೊಸರು ಬಜ್ಜಿ. ಎರಡು ಪ್ಲೇಟ್ ಖಾಲಿ ಮಾಡಿದೆ.

ಭಾನುವಾರ ಅಂಗಡಿಗಳೆಲ್ಲ ಬಹುತೇಕ ಮುಚ್ಚಿದ್ದವು. ಸಿನಿಮಾದ ಆದಿಪುರುಷರಾದ ಲೂಮಿಯೇರ್ ಸಹೋದರರು 1895ರಲ್ಲಿ ತಮ್ಮ ಫ್ಯಾಕ್ಟರಿಯಿಂದ ಕೆಲಸಗಾರರು ಹೊರಬರುವುದನ್ನು ಚಿತ್ರೀಕರಿಸಿದ ಜಾಗ ನೋಡಿದೆವು. ನಾನೂ ಹಾಗೇ ನಡೆದು ಬಂದೆ, ಇವಳು ವಿಡಿಯೋ ಮಾಡಿದಳು. ರೆಕಾರ್ಡ್ ಒತ್ತಿರಲಿಲ್ಲ.

ಸಂಜೆ ಸ್ಟೇಷನ್ನಿನಲ್ಲಿ ಕೂತು ಊರಿಗೆ ವಿಡಿಯೋ ಕಾಲ್ ಮಾಡಿದೆ.

"ಊಟ ಸಿಕ್ತೇನೋ ಅಲ್ಲಿ?" ಎಂದರು ಅಮ್ಮ.

ನಾನು ಬಾಯಿ ತೆರೆಯುವ ಮೊದಲೇ ಇವಳು ಇಣುಕಿದಳು. "ನಿನ್ನೆ ಎರಡು ಪ್ಲೇಟ್ ಮಿದುಳು ತಿಂದ್ರು ಅತ್ತೆ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಯಾರ್ದು?"

"ನೇಕಾರರದ್ದು."

"ಇಷ್ಟು ವರ್ಷ ನನ್ನ ತಲೆ ತಿಂದಿದ್ದು ಸಾಲ್ದೇನೋ ನಿಂಗೆ?"