ಮುಟ್ಟಿದ್ದಕ್ಕೇ ಉಳಿದ ದೇವಸ್ಥಾನ

‘ಎರಡು ಸಾವಿರ ವರ್ಷದಿಂದ ಯಾರೂ ಮುಟ್ಟದೆ ಹಾಗೇ ಉಳಿದಿದೆ ನೋಡಿ’ ಅಂತ ರೋಮನ್ ದೇವಸ್ಥಾನದ ಫೋಟೋ ಹಾಕುವವರಿದ್ದಾರೆ. ಎಷ್ಟೋ ಸಲ ಆ ಫೋಟೋ ದಕ್ಷಿಣ ಫ್ರಾನ್ಸಿನ ನೀಮ್ ಊರಿನ ಮೇಜೋಂ ಕಾರೇಯದ್ದು. ಅದನ್ನು ಮುಟ್ಟದೇ ಬಿಟ್ಟವರು ಯಾರು ಹೇಳಿ?

ಕಟ್ಟಿದ್ದು ಕ್ರಿ.ಶ. 1ನೇ ಶತಮಾನದ ಶುರುವಿನಲ್ಲಿ, ಅಲ್ಲೇ ಹತ್ತಿರದ ಸುಣ್ಣದ ಕಲ್ಲಿನಲ್ಲಿ. ಆಮೇಲೆ ಅದು ಊರಿನ ಹಿರಿಯರ ಸಭೆಯ ಜಾಗವಾಯಿತು, ಮನೆಯಾಯಿತು, ಕುದುರೆ ಲಾಯವೂ ಆಯಿತು. 1670ರ ಹೊತ್ತಿಗೆ ಆಗಸ್ಟೀನಿಯನ್ ಸನ್ಯಾಸಿಗಳು ಕೊಂಡು ಚರ್ಚ್ ಮಾಡಿಕೊಂಡರು. ಫ್ರೆಂಚ್ ಕ್ರಾಂತಿಯ ನಂತರ ಸರ್ಕಾರಿ ದಾಖಲೆಗಳು ಬಂದವು, 1823ರಲ್ಲಿ ಮ್ಯೂಸಿಯಂ. ಬಳಸುವವರು ಇದ್ದರು, ಹಾಗಾಗಿ ಸೂರು ಸೋರಿದರೆ ನೋಡಿಕೊಳ್ಳುವವರೂ ಇದ್ದರು. ಸುತ್ತ ಇದ್ದ ರೋಮನ್ ಫೋರಂ, ಅಂದರೆ ಊರಿನ ಸಾರ್ವಜನಿಕ ಚೌಕ, ಯಾರಿಗೂ ಬೇಕಾಗಲಿಲ್ಲ. ಅದರ ಕಂಬಸಾಲಿನ ಬುಡ ಮಾತ್ರ ಉಳಿದಿದೆ.

ನನಗೆ ತುಂಬ ಇಷ್ಟದ ಭಾಗ ಕಂಬಗಳ ಮೇಲಿನ ಅಡ್ಡಪಟ್ಟಿ. ಅಲ್ಲಿ ಹಿಂದೆ ಕಂಚಿನ ಅಕ್ಷರಗಳಿದ್ದವು. ಯಾರೋ ಕಿತ್ತುಕೊಂಡು ಹೋದರು. ಉಳಿದದ್ದು ಮೊಳೆ ಹೊಡೆದ ತೂತುಗಳು ಅಷ್ಟೇ. ದೂರದಿಂದ ನೋಡಿದರೆ ಕಲ್ಲಿಗೆ ಹುಳ ಹಿಡಿದಂತೆ ಕಾಣುತ್ತದೆ. 1758ರಲ್ಲಿ ಅದೇ ಊರಿನ ವಿದ್ವಾಂಸ ಜ್ಯಾಂ-ಫ್ರಾನ್ಸ್ವಾ ಸೆಗಿಯೇ ಆ ತೂತುಗಳ ಜಾಗ, ಅಂತರ ನೋಡಿ ಯಾವ ಅಕ್ಷರ ಎಲ್ಲಿ ಕೂತಿತ್ತು ಅಂತ ಲೆಕ್ಕ ಹಾಕಿದ. ಗಾಯಸ್ ಮತ್ತು ಲೂಸಿಯಸ್ ಸೀಸರ್ ಅನ್ನೋ ಹೆಸರುಗಳು ಸಿಕ್ಕವು. ಚಕ್ರವರ್ತಿ ಆಗಸ್ಟಸ್ ದತ್ತು ತಗೊಂಡಿದ್ದ ಮೊಮ್ಮಕ್ಕಳು ಇವರು. ಇಬ್ಬರೂ ಸಣ್ಣ ವಯಸ್ಸಿಗೇ ಸತ್ತವರು. ಅಕ್ಷರ ಇಲ್ಲದ ಶಾಸನ ಓದೋದು ಅಂದ್ರೆ ಸುಮ್ನೆ ಮಾತಲ್ಲ!

ಹೊಸ ಕಂಚಿನ ಅಕ್ಷರ ಮಾಡಿಸಿ ಕೂರಿಸಿದರೆ ಚೆನ್ನಾಗಿರುತ್ತೆ ಅನ್ನುವವರು ಸಿಗುತ್ತಾರೆ. ನಾನಂತೂ ಬೇಡ ಅನ್ನುತ್ತೇನೆ. ಅಕ್ಷರ ಹಾಕಿದರೆ ಕಟ್ಟಿಸಿದವರ ಕಾಲವಷ್ಟೇ ಕಾಣುತ್ತದೆ. ತೂತು ಇದ್ದರೆ ಕಿತ್ತವನೂ ಕಾಣುತ್ತಾನೆ, ಓದಿದವನೂ ಕಾಣುತ್ತಾನೆ.

19ನೇ ಶತಮಾನದಲ್ಲಿ ದೇವಸ್ಥಾನಕ್ಕೆ ಒತ್ತಿಕೊಂಡಿದ್ದ ಕಟ್ಟಡಗಳನ್ನೆಲ್ಲ ಕೆಡವಿ ‘ಶುದ್ಧ’ ಮಾಡಿದರು. ಇವತ್ತು ಎಲ್ಲರೂ ಬಾಯಿ ಬಿಟ್ಟು ನೋಡುವ ದೊಡ್ಡ ಬಾಗಿಲು ರೋಮನ್ನರದ್ದಲ್ಲ, ಅದೇ ಶತಮಾನದ್ದು. ಮೊನ್ನೆ ಮೊನ್ನೆ, 2006ರಿಂದ ಕೆಲವು ವರ್ಷ ಕಲ್ಲಿನ ಕಪ್ಪು ತೆಗೆದು ಜೀರ್ಣೋದ್ಧಾರ ಮಾಡಿದರು. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಜೀರ್ಣೋದ್ಧಾರದ ಬಗ್ಗೆ ನನ್ನ ತಕರಾರಿಲ್ಲ, ಕಲ್ಲು ನಿಜಕ್ಕೂ ಹಾಳಾಗುತ್ತಿತ್ತು. ಆದರೆ ಫೋಟೋದ ಕೆಳಗೆ ಬರೆಯುವಾಗ ಆ ಸನ್ಯಾಸಿಗಳನ್ನೂ ಕುದುರೆ ಕಟ್ಟಿದವರನ್ನೂ ಬಿಡಬೇಡಿ. ಕಟ್ಟಡ ಉಳಿಸಿದ್ದರಲ್ಲಿ ಅವರ ಪಾಲೂ ಇದೆ.